ಲಿನಕ್ಸ್ ಮಿಂಟ್: ಒಂದರಲ್ಲಿ ಸೌಂಡೇ ಇಲ್ಲ, ಇನ್ನೊಂದರಲ್ಲಿ ಕಿವಿ ಕಿತ್ತುಹೋಗುತ್ತದೆ

ಚಿಂತಾಮಣಿ_ಮೇಷ್ಟ್ರು · ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸಂಜೆ ಟ್ಯೂಷನ್ ಮಾಡುತ್ತೇನೆ. ಐದರಿಂದ ಎಂಟನೇ ಕ್ಲಾಸಿನವರೆಗಿನ ಹನ್ನೆರಡು ಮಕ್ಕಳು. ಇಂಗ್ಲಿಷ್ ಪದಗಳ ಉಚ್ಚಾರಣೆ ಕೇಳಿಸಲಿಕ್ಕೆ ನಾಲ್ಕು ಹಳೇ ಅಸೆಂಬಲ್ಡ್ ಮಷಿನ್ ತಂದು, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 (ಸಿನಮನ್ ಅನ್ನುವ ಡೆಸ್ಕ್‌ಟಾಪ್ ಇರುವುದು) ಹಾಕಿದ್ದೇನೆ. ಓಡುವುದೇನೋ ಚೆನ್ನಾಗಿ ಓಡುತ್ತವೆ. ತಲೆನೋವು ಸೌಂಡಿನದು.

ಒಂದನೇ ಮಷಿನ್‌ನಲ್ಲಿ ನಾನು 40ಕ್ಕೆ ಇಟ್ಟು ಹೋದ ವಾಲ್ಯೂಮ್, ತಿರುಗಿ ನೋಡುವಷ್ಟರಲ್ಲಿ 150 ಆಗಿರುತ್ತದೆ. ಮಕ್ಕಳನ್ನು ಕೇಳಿದರೆ "ನಾವೇನೂ ಮಾಡಿಲ್ಲ ಸಾರ್" ಅನ್ನುತ್ತಾರೆ.

ಎರಡನೆಯದು ಪ್ರತಿ ಪದದ ತಲೆ ನುಂಗುತ್ತದೆ. "ಆ್ಯಪಲ್" ಅನ್ನುವುದು "ಪಲ್" ಅಂತ ಕೇಳಿಸುತ್ತದೆ. ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದ್ದಾನೆ.

ಮೂರನೆಯದಕ್ಕೆ ಹೆಡ್‌ಫೋನ್ ಹಾಕಿದರೆ ಹೆಡ್‌ಫೋನ್‌ನಲ್ಲಿ ಸದ್ದಿಲ್ಲ, ಸ್ಪೀಕರ್ ಮಾತ್ರ ಕೂಗುತ್ತಲೇ ಇರುತ್ತದೆ.

ನಾಲ್ಕನೆಯದು ಹೊತ್ತು ಹೊತ್ತಿಗೆ ಮೂಕವಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತದೆ.

ಇನ್ನೊಂದು ಕಷ್ಟ. ಆನ್ ಮಾಡಿದ ತಕ್ಷಣ ಬರುವ ಆ ಸ್ವಾಗತದ ಸದ್ದು. ಪಕ್ಕದ ಕೋಣೆಯಲ್ಲಿ ನಮ್ಮ ಅಜ್ಜಿ ಮಲಗಿರುತ್ತಾರೆ. ದಿನಾ ಬೈಸಿಕೊಳ್ಳುತ್ತಿದ್ದೇನೆ.

ಗುಬ್ಬಿಮರಿ · ಶುಕ್ರವಾರ, ರಾತ್ರಿ 9:58

ಸರ್, ಇದೆಲ್ಲಾ ಪಲ್ಸ್‌ಆಡಿಯೋ ಅನ್ನುವ ಸೌಂಡ್ ಪ್ರೋಗ್ರಾಂನ ಕಾಟ. ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಬರೀ ಆಲ್ಸಾ ಇಟ್ಟುಕೊಳ್ಳಿ. ನಾನು ಎಲ್ಲೋ ಓದಿದ್ದೇನೆ, ಎಲ್ಲ ಸರಿಹೋಗುತ್ತದಂತೆ.

ಟರ್ಮಿನಲ್_ತುಮಕೂರು · ಶುಕ್ರವಾರ, ರಾತ್ರಿ 10:05

ಮೇಷ್ಟ್ರೇ, ದಯವಿಟ್ಟು ಅದನ್ನು ಮಾಡಬೇಡಿ! ಸೌಂಡಿನ ಪ್ಯಾಕೇಜನ್ನು ಕಿತ್ತರೆ ಅದನ್ನು ನಂಬಿಕೊಂಡ ಡೆಸ್ಕ್‌ಟಾಪ್ ಭಾಗಗಳೂ ಜೊತೆಗೇ ಹೋಗಬಹುದು. ಕೆಳಗೆ "ಇವನ್ನೂ ತೆಗೆಯಲಾಗುವುದು" ಅಂತ ಒಂದು ಉದ್ದ ಪಟ್ಟಿ ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಮಾರನೇ ದಿನ ಕಪ್ಪು ಪರದೆ ನೋಡುತ್ತಾ ಕೂತಿದ್ದೆ.

ಇನ್ನೊಂದು ಮಾತು. ನಿಮ್ಮ ಮಿಂಟ್ 22ರಲ್ಲಿ ಪಲ್ಸ್‌ಆಡಿಯೋ ಓಡುತ್ತಲೇ ಇಲ್ಲ. ಅಲ್ಲಿರುವುದು ಪೈಪ್‌ವೈರ್.

ಗುಬ್ಬಿಮರಿ · ಶುಕ್ರವಾರ, ರಾತ್ರಿ 10:07

ಓ, ಸಾರಿ. ಆಲ್ಸಾ, ಪಲ್ಸ್, ಪೈಪು... ಇಷ್ಟೊಂದು ಯಾಕೆ ಬೇಕಿತ್ತು?

ಕೋಲಾರ_ಹಳೇಬೇರು · ಶುಕ್ರವಾರ, ರಾತ್ರಿ 10:31

ಮರಿ, ನೀನು ಕೇಳಿದ್ದು ಒಳ್ಳೇ ಪ್ರಶ್ನೆ. ಸ್ವಲ್ಪ ಹಳೇ ಕಥೆ ಹೇಳುತ್ತೇನೆ.

ಆಲ್ಸಾ ಅಂದರೆ ಕರ್ನಲ್ (ಲಿನಕ್ಸ್‌ನ ಹೃದಯ) ಒಳಗೇ ಕೂತು ಸೌಂಡ್ ಕಾರ್ಡಿನ ಜೊತೆ ಮಾತಾಡುವ ಭಾಗ. 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಶುರು ಮಾಡಿದ್ದು. ಇವತ್ತಿಗೂ ಎಲ್ಲದಕ್ಕೂ ತಳಪಾಯ ಅದೇ. ಆದರೆ ಹಾಡು, ಬ್ರೌಸರು, ಆಟ ಮೂರೂ ಒಟ್ಟಿಗೆ ಕೂಗಿದಾಗ ಒಂದೊಂದರ ವಾಲ್ಯೂಮ್ ಬೇರೆ ಬೇರೆ ಇಡುವುದಕ್ಕೆ ಅದರ ಮೇಲೆ ಇನ್ನೊಬ್ಬ ಮೇಸ್ತ್ರಿ ಬೇಕಿತ್ತು. ಲೆನ್ನಾರ್ಟ್ ಪೊಯೆಟರಿಂಗ್ 2004ರಲ್ಲಿ ಬರೆದದ್ದು ಆ ಮೇಸ್ತ್ರಿಯನ್ನೇ. ಮೊದಲು ಪಾಲಿಪ್‌ಆಡಿಯೋ ಅಂತಿದ್ದ ಹೆಸರು 2006ರಲ್ಲಿ ಪಲ್ಸ್‌ಆಡಿಯೋ ಆಯಿತು. 2008ರಲ್ಲಿ, ಮಿಂಟ್‌ಗೆ ತಳಪಾಯವಾದ ಉಬುಂಟುವಿನ 8.04ನೇ ಆವೃತ್ತಿಗೆ ಬಂತು.

ನನಗೆ ಚೆನ್ನಾಗಿ ನೆನಪಿದೆ. ಆಗ ಉಬುಂಟು ಸಿಡಿ ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. ಪೋಸ್ಟ್‌ಮನ್ ಕೈಯಲ್ಲಿ ವಿದೇಶದ ಕವರ್ ನೋಡಿ ಓಣಿಯವರೆಲ್ಲ ನನಗೆ ಫಾರಿನ್‌ನಲ್ಲಿ ಕೆಲಸ ಸಿಕ್ಕಿತು ಅಂದುಕೊಂಡಿದ್ದರು. ಆ ಸಿಡಿ ಹಾಕಿದ ಮೇಲೆ ನನ್ನ ಕಂಪ್ಯೂಟರಿನ ಸೌಂಡು ಒಂದು ತಿಂಗಳು ಬಿಕ್ಕಳಿಸಿತು. ಪಲ್ಸ್‌ಆಡಿಯೋಗೆ ಕೆಟ್ಟ ಹೆಸರು ಅಂಟಿದ್ದು ಆ ಕಾಲದಲ್ಲಿ. "ಅದನ್ನು ಕಿತ್ತುಹಾಕಿ" ಅನ್ನುವ ಸಲಹೆಯೂ ಆ ಕಾಲದ್ದೇ. ಇಂಟರ್‌ನೆಟ್‌ನಲ್ಲಿ ಹಳೇ ಸಲಹೆಗೆ ಸಾವೇ ಇಲ್ಲ ನೋಡಿ.

ಆಮೇಲೆ 2017ರಲ್ಲಿ ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಬಂತು. 2021ರಲ್ಲಿ ಫೆಡೋರಾ 34 ಅನ್ನುವ ಇನ್ನೊಂದು ಲಿನಕ್ಸ್ ಅದನ್ನೇ ಸೌಂಡಿಗೆ ಇಟ್ಟುಕೊಂಡಿತು. ಮಿಂಟ್‌ಗೆ ಬಂದದ್ದು 2024ರಲ್ಲಿ, 22ನೇ ಆವೃತ್ತಿಯಲ್ಲಿ. ಪೈಪ್‌ವೈರ್ ಪಲ್ಸ್‌ಆಡಿಯೋದ ವೇಷ ಹಾಕಿಕೊಂಡು ಕೆಲಸ ಮಾಡುತ್ತದೆ. ಹಾಗಾಗಿ ಹಳೇ ಪಲ್ಸ್ ಸಾಧನಗಳು, ಹಳೇ ಆಜ್ಞೆಗಳು ಮುಕ್ಕಾಲು ಪಾಲು ಈಗಲೂ ನಡೆಯುತ್ತವೆ.

ಹನಿನೀರು_ಮಾಲೂರು · ಶನಿವಾರ, ಬೆಳಿಗ್ಗೆ 5:52

ರಾತ್ರಿ ಕರೆಂಟು ಕೊಟ್ಟಿದ್ದರಿಂದ ನೀರು ಬಿಡಲು ತೋಟಕ್ಕೆ ಹೋಗಿದ್ದೆ, ಈಗ ಓದಿದೆ. ಮೇಷ್ಟ್ರೇ, ನಾನು ಕಂಪ್ಯೂಟರ್ ಪಂಡಿತ ಅಲ್ಲ. ಟೊಮ್ಯಾಟೊ ಬೆಳೆಯುವವನು. ಮಗಳ ಓದಿಗೆ ಅಂತ ತಂದ ಡಬ್ಬದಲ್ಲಿ ಇದೇ ಮಿಂಟ್ ಇದೆ. ನನಗೆ ಇದು ಅರ್ಥ ಆಗಿದ್ದು ಡ್ರಿಪ್ ಲೆಕ್ಕದಲ್ಲಿ.

ಬೋರಿನಿಂದ ನೀರು ಎತ್ತುತ್ತೀರಿ. ಮೇನ್ ಪೈಪಿಗೆ ಒಂದು ಗೇಟ್‌ವಾಲ್. ಒಂದೊಂದು ಪ್ಲಾಟಿಗೆ ಒಂದೊಂದು ಗೇಟ್‌ವಾಲ್. ಕೊನೆಗೆ ಗಿಡದ ಬುಡದಲ್ಲಿ ಡ್ರಿಪ್ಪರ್. ಗಿಡ ಬಾಡಿತು ಅಂತ ಬೋರಿಗೆ ಬೈದರೆ ಏನು ಬಂತು? ಯಾವ ವಾಲ್ ಮುಚ್ಚಿದೆ ಅಂತ ಮೇಲಿಂದ ಕೆಳಗೆ ನೋಡಿಕೊಂಡು ಬರಬೇಕು.

ಸೌಂಡೂ ಹಾಗೇ. ಹಾಡು ನುಡಿಸುವ ಪ್ರೋಗ್ರಾಂನಲ್ಲಿ ಒಂದು ಸ್ಲೈಡರ್. ಕೆಳಗಿನ ಪಟ್ಟಿಯ ಸ್ಪೀಕರ್ ಚಿತ್ರದಲ್ಲಿ ಒಂದು. ಸೌಂಡ್ ಕಾರ್ಡಿನ ಒಳಗೆ ಆಲ್ಸಾದ್ದು ಒಂದು. ಕೊನೆಗೆ ಸ್ಪೀಕರ್ ಮೇಲಿನ ತಿರುಪು. ಒಂದು ಮುಚ್ಚಿದ್ದರೂ ಉಳಿದ ಮೂರನ್ನು ಎಷ್ಟು ತಿರುಗಿಸಿದರೂ ಹನಿ ಬರುವುದಿಲ್ಲ. ನಾಲ್ಕೂ ಪೂರ್ತಿ ಬಿಟ್ಟರೆ ಪೈಪು ಕಿತ್ತುಕೊಂಡು ಹೋಗುತ್ತದೆ.

ಚಿಂತಾಮಣಿ_ಮೇಷ್ಟ್ರು · ಶನಿವಾರ, ಬೆಳಿಗ್ಗೆ 7:15

ಅಣ್ಣ, ಇದು ಚೆನ್ನಾಗಿದೆ. ಎರಡು ವರ್ಷದಿಂದ ನಾನು ಬರೀ ಡ್ರಿಪ್ಪರ್ ತಿರುಗಿಸುತ್ತಿದ್ದೆ ಅಂತ ಕಾಣುತ್ತದೆ. ಆಲ್ಸಾದ ವಾಲ್ ಎಲ್ಲಿದೆ? ನನಗೆ ಯಾವತ್ತೂ ಕಂಡೇ ಇಲ್ಲ.

ಟರ್ಮಿನಲ್_ತುಮಕೂರು · ಶನಿವಾರ, ಬೆಳಿಗ್ಗೆ 8:40

ಟರ್ಮಿನಲ್ (ಆಜ್ಞೆ ಬರೆಯುವ ಕಿಟಕಿ) ತೆರೆದು ಆಲ್ಸಾಮಿಕ್ಸರ್ ಅಂತ ಹೊಡೆಯಿರಿ. ಎಲ್ಲ ಚಿಕ್ಕ ಅಕ್ಷರ, ನಡುವೆ ಜಾಗ ಇಲ್ಲ. ಮೊದಲು ಎಫ್6 ಒತ್ತಿ ನಿಮ್ಮ ನಿಜವಾದ ಸೌಂಡ್ ಕಾರ್ಡನ್ನು ಆರಿಸಿಕೊಳ್ಳಿ. ಆಗ ಸಾಲಾಗಿ ಕಂಬಗಳು ಕಾಣಿಸುತ್ತವೆ: ಮಾಸ್ಟರ್, ಹೆಡ್‌ಫೋನ್, ಫ್ರಂಟ್, ಪಿಸಿಎಂ ಹೀಗೆ. ಎಡ ಬಲ ಬಾಣದ ಕೀಲಿಯಿಂದ ಕಂಬ ಬದಲಾಗುತ್ತದೆ, ಮೇಲೆ ಕೆಳಗಿನದರಿಂದ ಸೌಂಡು. ಕಂಬದ ಬುಡದಲ್ಲಿ ಎಂಎಂ ಅಂತ ಇದ್ದರೆ ಅದು ಮ್ಯೂಟ್. ಎಂ ಕೀಲಿ ಒತ್ತಿದರೆ ಓಓ ಆಗುತ್ತದೆ, ಬಾಯಿ ಬಿಟ್ಟಿತು ಅಂತ ಅರ್ಥ. ಹೊರಗೆ ಬರಲು ಎಸ್ಕೇಪ್.

ಒಂದು ಮಜಾ ನೋಡಿ. ಆ ಕಿಟಕಿ ತೆರೆದಿಟ್ಟುಕೊಂಡೇ ಕೆಳಗಿನ ಪಟ್ಟಿಯ ಸ್ಲೈಡರ್ ಎಳೆಯಿರಿ. ಸಾಮಾನ್ಯವಾಗಿ ಮಾಸ್ಟರ್ ಕಂಬವೂ ಜೊತೆಗೆ ಏರಿ ಇಳಿಯುತ್ತದೆ. ಅಂದರೆ ಈ ಎರಡು ವಾಲ್‌ಗೆ ಒಂದೇ ಹಿಡಿ. ಮಾಲೂರಿನ ಅಣ್ಣನ ಲೆಕ್ಕಕ್ಕೆ ಒಂದು ತಿದ್ದುಪಡಿ ಅಷ್ಟೇ.

ಈಗ ನಿಮ್ಮ ನಾಲ್ಕನೇ ಮಷಿನ್. ಅದರ ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿದೆಯಾ? ಆ ಕೇಬಲ್ ಚಿತ್ರದ ಜೊತೆ ಸೌಂಡನ್ನೂ ಒಯ್ಯುತ್ತದೆ. ಮಾನಿಟರ್ ನಿದ್ದೆ ಹೋಗಿ ಎದ್ದಾಗ "ಹೊಸ ಸೌಂಡ್ ಸಾಧನ ಬಂತು" ಅಂತ ಸಿಸ್ಟಂ ಅಲ್ಲಿಗೆ ಓಡಿಹೋಗಬಹುದು. ಮಾನಿಟರ್‌ಗೆ ಸ್ಪೀಕರೇ ಇಲ್ಲದಿದ್ದರೆ ಸದ್ದು ಗಾಳಿಗೆ ಹೋಯಿತು.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಪಾವುಕಂಟ್ರೋಲ್ ಅನ್ನುವ, ಸೌಂಡ್ ಹೊಂದಿಸುವ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಕೊನೇ ಟ್ಯಾಬ್ ಕಾನ್ಫಿಗರೇಷನ್. ಅಲ್ಲಿ ಎಚ್‌ಡಿಎಂಐ ಕಾರ್ಡಿನ ಮುಂದೆ ಆಫ್ ಆರಿಸಿ. ಆಮೇಲೆ ಅದು ಪಟ್ಟಿಯಲ್ಲೇ ಕಾಣಿಸುವುದಿಲ್ಲ, ಓಡಿಹೋಗಲು ಜಾಗವೂ ಇರುವುದಿಲ್ಲ.

ಚಿಂತಾಮಣಿ_ಮೇಷ್ಟ್ರು · ಶನಿವಾರ, ಮಧ್ಯಾಹ್ನ 1:20

ನಾಲ್ಕನೆಯದು ಎಚ್‌ಡಿಎಂಐ ಹೌದು. ಆಫ್ ಮಾಡಿದೆ. ಮಾನಿಟರನ್ನು ಐದು ಸಲ ಮಲಗಿಸಿ ಎಬ್ಬಿಸಿದೆ, ಸೌಂಡು ಎಲ್ಲೂ ಹೋಗಲಿಲ್ಲ. ಇಷ್ಟು ದಿನ ಸ್ಪೀಕರ್ ಹಾಳಾಗಿದೆ ಅಂತ ಹೊಸದು ತರಲು 600 ರೂಪಾಯಿ ತೆಗೆದಿಟ್ಟಿದ್ದೆ.

ಆಲ್ಸಾಮಿಕ್ಸರ್ ಮಾತ್ರ ಮೊದಲ ಸಲ ಬರಲಿಲ್ಲ. "ಇಂಥ ಆಜ್ಞೆ ಸಿಗಲಿಲ್ಲ" ಅಂದಿತು. ನೋಡಿದರೆ ಕೀಬೋರ್ಡ್ ಕನ್ನಡದಲ್ಲಿತ್ತು, ನಾನು ಕನ್ನಡದಲ್ಲೇ ಆಲ್ಸಾಮಿಕ್ಸರ್ ಅಂತ ಬರೆದಿದ್ದೆ! ಮಕ್ಕಳು ಹಿಂದೆ ನಿಂತು ನಗುತ್ತಿದ್ದರು.

ಮೂರನೇ ಮಷಿನ್‌ನಲ್ಲಿ ಹೆಡ್‌ಫೋನ್ ಕಂಬದ ಕೆಳಗೆ ಎಂಎಂ ಇತ್ತು. ಎಂ ಒತ್ತಿ ಮೇಲೇರಿಸಿದೆ. ಹೆಡ್‌ಫೋನ್‌ನಲ್ಲಿ ಸದ್ದು ಬಂತು! ಆದರೆ ಸ್ಪೀಕರ್ ಬಾಯಿ ಮುಚ್ಚಲಿಲ್ಲ. ಎರಡೂ ಒಟ್ಟಿಗೆ ಕೂಗುತ್ತಿವೆ.

ಮೈಕ್‌ಸೆಟ್_ಗೌರಿಬಿದನೂರು · ಶನಿವಾರ, ಸಂಜೆ 4:10

ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಊರಹಬ್ಬ, ನಾಟಕ, ಎಲ್ಲಕ್ಕೂ. ಹಾಡು ಬಿಡಲು ಮಿಂಟ್ ಇರುವ ಒಂದು ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇನೆ. ನಾಲ್ಕು ವಾಲ್ ಇದೆ ಸರಿ, ಯಾವುದನ್ನು ಎಷ್ಟು ಬಿಡಬೇಕು ಅಂತ ಯಾರೂ ಹೇಳಲಿಲ್ಲವಲ್ಲ.

ನಮ್ಮ ಕಸುಬಿನ ಮಾತು ಇದು: ಹಿಂದಿನದನ್ನು ಚೆನ್ನಾಗಿ ಬಿಡು, ಮುಂದಿನದರಲ್ಲಿ ಹಿಡಿ. ಕಂಪ್ಯೂಟರಿನಲ್ಲಿ 20 ಇಟ್ಟು ಸ್ಪೀಕರ್ ತಿರುಪನ್ನು ಪೂರ್ತಿ ತಿರುಗಿಸಿದರೆ, ಸ್ಪೀಕರ್ ಒಳಗಿನ ಆಂಪ್ಲಿಫಯರ್ ಹಾಡಿನ ಜೊತೆ "ಸ್‌ಸ್‌ಸ್" ಅನ್ನುವ ಗಲಾಟೆಯನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಕಂಪ್ಯೂಟರಿನಲ್ಲಿ 80ರಿಂದ 100 ಇಡಿ, ತಿರುಪನ್ನು ಕಾಲು ಭಾಗ ತಿರುಗಿಸಿ. ಅದೇ ಹಾಡು ಎಷ್ಟು ಸ್ವಚ್ಛ ಬರುತ್ತದೆ ಕೇಳಿ ನೋಡಿ.

ಆದರೆ 100 ದಾಟಬೇಡಿ. ದಾಟಿದ ಮೇಲೆ ಕಂಪ್ಯೂಟರು ಸುಮ್ನೆ ಅಂಕಿಗಳನ್ನು ಗುಣಿಸುತ್ತಿರುತ್ತದೆ. ಅಲೆ ಮೊದಲೇ ಎತ್ತರ ಇದ್ದರೆ ಮೇಲೆ ಜಾಗ ಸಾಲದೆ ಅದರ ತಲೆ ಕತ್ತರಿಸಿಹೋಗುತ್ತದೆ. ಆ ಗೊರಗೊರ ಸದ್ದು ಬರುವುದು ಅದರಿಂದ. ಸ್ಪೀಕರ್ ಕೆಟ್ಟಿದೆ ಅಂತ ನನ್ನ ಹತ್ತಿರ ತರುತ್ತಾರೆ, ನೋಡಿದರೆ 150ರಲ್ಲಿ ಇರುತ್ತದೆ. ತುಂಬಾ ಮೆಲ್ಲಗೆ ರೆಕಾರ್ಡ್ ಆದ ಭಾಷಣಕ್ಕೆ ಮಾತ್ರ 100ರ ಮೇಲಿನ ಜಾಗ ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ತಲೆಯ ಮೇಲೆ ಖಾಲಿ ಇರುತ್ತದಲ್ಲ.

ಇನ್ನೊಂದು. ಅಲ್ಲಿರುವ ಶೇಕಡ ನಮ್ಮ ಮಾರ್ಕ್ಸ್ ಕಾರ್ಡಿನ ಶೇಕಡ ಅಲ್ಲ. ನಮ್ಮ ಕಿವಿ ಕೇಳುವ ಬಗೆಗೆ ಹತ್ತಿರ ಬರಲಿ ಅಂತ ಅದನ್ನು ಬಾಗಿಸಿ ಇಟ್ಟಿದ್ದಾರೆ. ಪಲ್ಸ್ ಲೆಕ್ಕದಲ್ಲಿ 50 ಅಂದರೆ 100ಕ್ಕಿಂತ 18 ಡೆಸಿಬಲ್ ಕಡಿಮೆ. ಅದೇ 150 ಅಂದರೆ ಹತ್ತೂವರೆ ಡೆಸಿಬಲ್ ಜಾಸ್ತಿ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು ಅನ್ನಿಸುತ್ತದೆ. ಮಕ್ಕಳ ಹೆಡ್‌ಫೋನ್‌ನಲ್ಲಿ ಇದು ತಮಾಷೆ ಅಲ್ಲ.

ಗುಬ್ಬಿಮರಿ · ಶನಿವಾರ, ಸಂಜೆ 4:32

ಅಣ್ಣ, ನಮ್ಮೂರಿನ ಗುಬ್ಬಿ ಕಂಪನಿ 1884ರಲ್ಲಿ ಶುರುವಾದಾಗ ಮೈಕೇ ಇರಲಿಲ್ಲ. ನಟರ ಗಂಟಲೇ ವಾಲ್ಯೂಮ್ ಕಂಟ್ರೋಲ್!

ಮೈಕ್‌ಸೆಟ್_ಗೌರಿಬಿದನೂರು · ಶನಿವಾರ, ಸಂಜೆ 4:35

ಆಗ ನಾನು ಇದ್ದಿದ್ದರೆ ನನಗೆ ಹೊಟ್ಟೆಗೆ ಏನಿರುತ್ತಿತ್ತು ಮರಿ?

ಟರ್ಮಿನಲ್_ತುಮಕೂರು · ಶನಿವಾರ, ಸಂಜೆ 6:18

ಅಣ್ಣ ಹೇಳಿದ್ದು ಸ್ಪೀಕರಿಗೆ ಸರಿ. ಮೇಷ್ಟ್ರ ಮಕ್ಕಳು ಹಾಕುವುದು ಹೆಡ್‌ಫೋನು, ಅದಕ್ಕೆ ತಿರುಪೇ ಇಲ್ಲ. ಅಲ್ಲಿ 100 ಇಟ್ಟರೆ ಕಿವಿಗೆ ನೇರ ಹೊಡೆತ. ಹಾಗಾಗಿ ಕಂಪ್ಯೂಟರಿನಲ್ಲೇ ಹಿಡಿಯಬೇಕು.

ಒಂದನೇ ಮಷಿನ್‌ನ ದೆವ್ವ ಯಾವುದು ಅಂತ ಹೇಳಲಾ? ಮೌಸಿನ ಬಾಣ ಕೆಳಗಿನ ಸ್ಪೀಕರ್ ಚಿತ್ರದ ಮೇಲೆ ಇದ್ದಾಗ ಚಕ್ರ ತಿರುಗಿಸಿದರೆ ವಾಲ್ಯೂಮ್ ಏರುತ್ತದೆ. ಮಕ್ಕಳು ನಿಜವಾಗಿಯೂ "ಏನೂ ಮಾಡಿಲ್ಲ". ಬಾಣ ಮೂಲೆಯಲ್ಲಿ ಇತ್ತು, ಪಾಠ ಸರಿಸಲು ಚಕ್ರ ತಿರುಗಿಸಿದರು ಅಷ್ಟೇ.

ಆ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಕೊನೇ ಟ್ಯಾಬ್ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ವಾಲ್ಯೂಮ್ ಅಂತ ಒಂದು ಸ್ಲೈಡರ್ ಇದೆ. ಅದನ್ನು 100ಕ್ಕೆ ಇಳಿಸಿ. ಅದೇ ಜಾಗದ ಸೌಂಡ್ಸ್ ಟ್ಯಾಬ್‌ನಲ್ಲಿ ಸಿನಮನ್ ಶುರುವಾಗುವ ಸದ್ದನ್ನು ಆಫ್ ಮಾಡಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ದಿನಾ ಆನ್ ಆದಾಗ 40ಕ್ಕೆ ಬರಬೇಕಾದರೆ ಸ್ಟಾರ್ಟ್‌ಅಪ್ ಅಪ್ಲಿಕೇಶನ್ಸ್‌ನಲ್ಲಿ ಒಂದು ಆಜ್ಞೆ ಸೇರಿಸಿ. ಮೊದಲ ಪದ ಪಿ-ಎ-ಸಿ-ಟಿ-ಎಲ್. ಆಮೇಲೆ ಸೆಟ್, ಸಿಂಕ್, ವಾಲ್ಯೂಮ್ ಮೂರೂ ಪದ ನಡುವೆ ಅಡ್ಡಗೆರೆ ಹಾಕಿ ಒಂದೇ ಪದವಾಗಿ. ಆಮೇಲೆ @ ಗುರುತು, ಡೀಫಾಲ್ಟ್ ಸಿಂಕ್ ಅಂತ ದೊಡ್ಡ ಅಕ್ಷರದಲ್ಲಿ ನಡುವೆ ಕೆಳಗೆರೆ ಹಾಕಿ, ಮತ್ತೆ @. ಕೊನೆಗೆ ಜಾಗ ಬಿಟ್ಟು 40%. ಐದಾರು ಸೆಕೆಂಡು ತಡ ಅಂತ ಕೊಡಿ, ಸೌಂಡಿನ ಮೇಸ್ತ್ರಿ ಎದ್ದು ಮುಖ ತೊಳೆಯಲಿ. ಹಾಗೇ ಕೀಬೋರ್ಡನ್ನು ಇಂಗ್ಲಿಷಿಗೆ ಹಾಕಿಕೊಳ್ಳಿ ಮೇಷ್ಟ್ರೇ.

ಶಿಡ್ಲಘಟ್ಟ_ರೇಷ್ಮೆ · ಶನಿವಾರ, ರಾತ್ರಿ 8:50

ಮೇಷ್ಟ್ರೇ, ನಾನೂ ಮಕ್ಕಳಿಗೆ ಪಾಠ ಹೇಳುವವಳು. ನಿಮ್ಮ ಎರಡನೇ ಮಷಿನ್ ಕಥೆ ನನಗೂ ಆಗಿತ್ತು. "ಎಲಿಫೆಂಟ್" ಹೋಗಿ "ಫೆಂಟ್" ಆಗಿತ್ತು. ನಾನು ಕಂಪ್ಯೂಟರಿನ ತಂಟೆಗೇ ಹೋಗಲಿಲ್ಲ. ಪದ ರೆಕಾರ್ಡ್ ಮಾಡುವಾಗ ಮೊದಲು ಒಂದು ಸೆಕೆಂಡು ಸುಮ್ಮನಿದ್ದು ಆಮೇಲೆ ಹೇಳುತ್ತೇನೆ. ನುಂಗುವುದಾದರೆ ಮೌನವನ್ನು ನುಂಗಲಿ. ಹಳೇ ಫೈಲುಗಳಿಗೆ ಆಡಾಸಿಟಿ ಅನ್ನುವ ಸೌಂಡ್ ತಿದ್ದುವ ಪ್ರೋಗ್ರಾಂನಲ್ಲಿ ಮುಂದೆ ಒಂದು ಸೆಕೆಂಡು ಖಾಲಿ ಸೇರಿಸಿದೆ.

ವಾಲ್ಯೂಮ್ ಬಗ್ಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಮಿತಿ ಅನ್ನುತ್ತದೆ, ಮಕ್ಕಳಿಗೆ 75. ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿದೆ? ನಾನು ಮಾಡುವುದು ಇಷ್ಟೇ. ಹೆಡ್‌ಫೋನ್ ಹಾಕಿದ ಮಗುವಿನಿಂದ ಒಂದು ಮೊಳ ದೂರ ನಿಲ್ಲುತ್ತೇನೆ. ಪಾಠದ ಮಾತು ನನಗೂ ಕೇಳಿಸಿದರೆ ಜಾಸ್ತಿ ಆಯಿತು ಅಂತ ಇಳಿಸುತ್ತೇನೆ.

ಟರ್ಮಿನಲ್_ತುಮಕೂರು · ಶನಿವಾರ, ರಾತ್ರಿ 9:14

ಮೇಡಂ, ನಿಮ್ಮದು ಒಳ್ಳೇ ಉಪಾಯ. ಆದರೂ ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಸೌಂಡು ಐದು ಸೆಕೆಂಡು ನಿಂತರೆ ಪೈಪ್‌ವೈರ್ ಜೊತೆಗಿನ ವೈರ್‌ಪ್ಲಂಬರ್ ಆ ಸಾಧನವನ್ನು ಮಲಗಿಸುತ್ತದೆ. ಅದರ ಮೇಲೆ ಸೌಂಡ್ ಚಿಪ್ಪನ್ನು ನಡೆಸುವ ಇಂಟೆಲ್ ಎಚ್‌ಡಿಎ ಡ್ರೈವರ್ ಕೂಡ ಕರೆಂಟು ಉಳಿಸಲು ಚಿಪ್ಪನ್ನೇ ಆಫ್ ಮಾಡಬಹುದು. ಮತ್ತೆ ಸೌಂಡು ಬಂದಾಗ ಅದು ಎದ್ದೇಳುವಷ್ಟರಲ್ಲಿ ಪದದ ತಲೆ ಹೋಗಿರುತ್ತದೆ. ಕೆಲವೊಮ್ಮೆ "ಟಪ್" ಅಂತಲೂ ಕೇಳಿಸುತ್ತದೆ. ಪರೀಕ್ಷೆ ಸುಲಭ. ಹಿಂದೆ ಯಾವುದಾದರೂ ಹಾಡನ್ನು ಸಣ್ಣಗೆ ಬಿಟ್ಟು ಪದ ನುಡಿಸಿ. ಆಗ "ಆ್ಯಪಲ್" ಪೂರ್ತಿ ಬಂದರೆ ಇದೇ ಕಾರಣ.

ಚಿಪ್ಪು ಮಲಗದ ಹಾಗೆ ಮಾಡಲು ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಇಟ್ಟು, ಎಚ್‌ಡಿಎ ಡ್ರೈವರಿನ ಪವರ್‌ಸೇವ್ ಅನ್ನು 0 ಮಾಡಬೇಕು. ಲ್ಯಾಪ್‌ಟಾಪ್ ಅಲ್ಲವಲ್ಲ, ಬ್ಯಾಟರಿ ಚಿಂತೆ ಇಲ್ಲ.

ಚಿಂತಾಮಣಿ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 10:05

ಹಿಂದೆ ಹಾಡು ಬಿಟ್ಟು ನೋಡಿದೆ. "ಆ್ಯಪಲ್" ಪೂರ್ತಿ ಬಂತು. ಮೇಡಂ ಹೇಳಿದಂತೆ ಮುಂದೆ ಮೌನ ಸೇರಿಸಿದ್ದೇನೆ, ಸದ್ಯಕ್ಕೆ ಅಷ್ಟು ಸಾಕು. ಪವರ್‌ಸೇವ್ ಫೈಲ್ ಆಮೇಲೆ ಧೈರ್ಯ ಬಂದಾಗ ನೋಡೋಣ.

ಗರಿಷ್ಠ 100 ಮಾಡಿದೆ. ಆರಂಭದ ಸದ್ದೂ ಹೋಯಿತು. ಇವತ್ತು ಬೆಳಿಗ್ಗೆ ಅಜ್ಜಿ "ಏನೋ, ಮಷಿನ್ ಕೆಟ್ಟುಹೋಯಿತಾ?" ಅಂತ ಕೇಳಿದರು.

ಆದರೆ ಎಂಟನೇ ಕ್ಲಾಸಿನ ಒಬ್ಬ ಕಿಲಾಡಿ 40 ಇಟ್ಟರೂ 100ಕ್ಕೆ ಎಳೆಯುತ್ತಾನೆ. ವಿಎಲ್‌ಸಿ ಪ್ಲೇಯರಿನಲ್ಲಿ ಬೇರೆ 125ರ ತನಕ ಹೋಗುತ್ತದೆ ಅಂತ ಅವನೇ ನನಗೆ ತೋರಿಸಿದ.

ಮೈಕ್‌ಸೆಟ್_ಗೌರಿಬಿದನೂರು · ಭಾನುವಾರ, ಬೆಳಿಗ್ಗೆ 11:30

ಅವನನ್ನು ದೊಡ್ಡವನಾದ ಮೇಲೆ ನನ್ನ ಹತ್ತಿರ ಕೆಲಸಕ್ಕೆ ಕಳಿಸಿ.

ಪಾಠದ ಫೈಲು ನಿಮ್ಮದೇ ತಾನೆ? ಆಡಾಸಿಟಿಯಲ್ಲಿ ಆ್ಯಂಪ್ಲಿಫೈ ಅಂತ ಇದೆ, ಅಲ್ಲಿ ಮೈನಸ್ 10 ಡೆಸಿಬಲ್ ಕೊಟ್ಟು ಫೈಲನ್ನೇ ಮೆಲ್ಲಗೆ ಮಾಡಿ. ಟ್ಯಾಂಕಿನಲ್ಲೇ ನೀರು ಕಡಿಮೆ ಇದ್ದರೆ ಅವನು ಎಲ್ಲ ವಾಲ್ ಬಿಟ್ಟರೂ ಅಷ್ಟೇ ಬರುವುದು. ನಾನು ನಿನ್ನೆ ಹೇಳಿದ್ದಕ್ಕೆ ಇದು ಉಲ್ಟಾ, ಗೊತ್ತು. ಗಲಾಟೆ ಸ್ವಲ್ಪ ಜಾಸ್ತಿ ಕೇಳಿಸಬಹುದು. ಮಾತಿನ ಪಾಠಕ್ಕೆ ಅದು ನಡೆಯುತ್ತದೆ, ಸಂಗೀತಕ್ಕೆ ಬೇಡ.

ಅದಿರಲಿ. ಮೂರನೇ ಮಷಿನ್ ಬಗ್ಗೆ ಒಂದು ಪ್ರಶ್ನೆ. ಹೆಡ್‌ಫೋನ್ ಪಿನ್ನನ್ನು ಡಬ್ಬದ ಮುಂದಿನ ತೂತಿಗೆ ಹಾಕುತ್ತೀರಾ, ಹಿಂದಿನದಕ್ಕಾ?

ಚಿಂತಾಮಣಿ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 11:41

ಮುಂದಿನದಕ್ಕೆ. ಹಿಂದಿನದರಲ್ಲಿ ಸ್ಪೀಕರ್ ಇದೆ.

ಟರ್ಮಿನಲ್_ತುಮಕೂರು · ಭಾನುವಾರ, ಬೆಳಿಗ್ಗೆ 11:48

ಅಯ್ಯೋ, ಮೊದಲ ದಿನವೇ ಕೇಳಬೇಕಿತ್ತು ಇದನ್ನು. ಮೇಷ್ಟ್ರೇ, ಆಲ್ಸಾಮಿಕ್ಸರ್‌ನಲ್ಲಿ ಬಲಕ್ಕೆ ಹೋಗುತ್ತಾ ಹೋದರೆ ಆಟೋ ಮ್ಯೂಟ್ ಮೋಡ್ ಅಂತ ಸಿಗುತ್ತದೆ. ಅದು ಎನೇಬಲ್ಡ್ ಇದೆಯಾ? ಹಾಗೇ ಪಾವುಕಂಟ್ರೋಲ್‌ನ ಔಟ್‌ಪುಟ್ ಟ್ಯಾಬ್‌ನಲ್ಲಿ ಪೋರ್ಟ್ ಮುಂದೆ ಹೆಡ್‌ಫೋನ್ಸ್ ಅಂತ ಇರುವ ಕಡೆ ಏನು ಬರೆದಿದೆ ನೋಡಿ. ಹೆಡ್‌ಫೋನ್ ಹಾಕಿಕೊಂಡೇ ನೋಡಿ.

ಚಿಂತಾಮಣಿ_ಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:10

ಆಟೋ ಮ್ಯೂಟ್ ಎನೇಬಲ್ಡ್ ಅಂತಲೇ ಇದೆ. ಪೋರ್ಟ್ ಮುಂದೆ "ಹೆಡ್‌ಫೋನ್ಸ್ (ಅನ್‌ಪ್ಲಗ್ಡ್)" ಅಂತ ಬರುತ್ತಿದೆ. ಪಿನ್ನು ಒಳಗಿದ್ದರೂ!

ಅದನ್ನೇ ಆರಿಸಿದರೆ ಸ್ಪೀಕರ್ ನಿಂತು ಹೆಡ್‌ಫೋನ್‌ನಲ್ಲಿ ಬರುತ್ತದೆ. ಆದರೆ ರೀಸ್ಟಾರ್ಟ್ ಮಾಡಿದರೆ ಮತ್ತೆ ಹಳೇ ಕಥೆ.

ಟರ್ಮಿನಲ್_ತುಮಕೂರು · ಭಾನುವಾರ, ಮಧ್ಯಾಹ್ನ 12:22

ಹಾಗಾದರೆ ಸಾಫ್ಟ್‌ವೇರಿನ ತಪ್ಪಲ್ಲ. ಪಿನ್ನು ಒಳಗೆ ಬಂದಿದೆ ಅನ್ನುವ ಸುದ್ದಿಯೇ ಮದರ್‌ಬೋರ್ಡಿಗೆ ಮುಟ್ಟುತ್ತಿಲ್ಲ. ಸುದ್ದಿ ಮುಟ್ಟದಿದ್ದರೆ ಆಟೋ ಮ್ಯೂಟ್ ಯಾರ ಮಾತು ಕೇಳಿ ಸ್ಪೀಕರ್ ಮುಚ್ಚಬೇಕು?

ಮುಂದಿನ ತೂತಿನ ವೈರುಗಳು ಮದರ್‌ಬೋರ್ಡಿಗೆ ಹೋಗುವುದಕ್ಕೆ ಎರಡು ಪದ್ಧತಿ ಇವೆ. ಹಳೆಯದು ಎಸಿ97, ಹೊಸದು ಎಚ್‌ಡಿ ಆಡಿಯೋ. ಪಿನ್ನು ಬಂದಿದ್ದನ್ನು ತಿಳಿಸುವ ವ್ಯವಸ್ಥೆ ಎಚ್‌ಡಿಯಲ್ಲಿದೆ, ಎಸಿ97ರಲ್ಲಿ ಆ ತರಹ ಇಲ್ಲ. ಮೊದಲು ಬಯೋಸ್‌ಗೆ (ಆನ್ ಆಗುವಾಗ ಸಿಗುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ಫ್ರಂಟ್ ಪ್ಯಾನಲ್ ಅಂತ ಏನಾದರೂ ಇದೆಯಾ ನೋಡಿ, ಇದ್ದರೆ ಎಚ್‌ಡಿ ಮಾಡಿ.

ಕೋಲಾರ_ಹಳೇಬೇರು · ಭಾನುವಾರ, ಮಧ್ಯಾಹ್ನ 12:40

ಬಯೋಸ್‌ನಲ್ಲಿ ಸಿಗದಿದ್ದರೆ ಡಬ್ಬ ಬಿಚ್ಚಿ. ಕರೆಂಟು ವೈರ್ ಕಿತ್ತಿಟ್ಟು ಬಿಚ್ಚಿ, ಅದನ್ನು ಮರೆಯಬೇಡಿ. ಹಳೇ ಕ್ಯಾಬಿನೆಟ್‌ಗಳಲ್ಲಿ ಮುಂದಿನಿಂದ ಬರುವ ಆ ಕೇಬಲ್‌ನ ತುದಿಗೆ ಎರಡು ಪ್ಲಗ್ ಇರುತ್ತವೆ. ಒಂದರ ಮೇಲೆ ಎಸಿ97, ಇನ್ನೊಂದರ ಮೇಲೆ ಎಚ್‌ಡಿ ಆಡಿಯೋ ಅಂತ ಅಚ್ಚು ಹಾಕಿರುತ್ತಾರೆ. ಎರಡೂ ಒಂದೇ ಜಾಗಕ್ಕೆ ಕೂರುತ್ತವೆ. ಅಸೆಂಬಲ್ ಮಾಡಿದವರು ಆತುರದಲ್ಲಿ ಕೈಗೆ ಸಿಕ್ಕಿದ್ದನ್ನು ಚುಚ್ಚಿ ಮುಚ್ಚಿಬಿಟ್ಟಿರುತ್ತಾರೆ.

ಹನಿನೀರು_ಮಾಲೂರು · ಭಾನುವಾರ, ಮಧ್ಯಾಹ್ನ 1:02

ನೋಡಿದಿರಾ, ವಾಲ್ ಎಲ್ಲ ಸರಿ ಇತ್ತು. ಪೈಪಿನ ಜೋಡಣೆಯೇ ತಪ್ಪು!

ಮೈಕ್‌ಸೆಟ್_ಗೌರಿಬಿದನೂರು · ಭಾನುವಾರ, ಮಧ್ಯಾಹ್ನ 1:15

ಬಿಚ್ಚಿದಾಗ ಒಂದು ಕೆಲಸ ಮಾಡಿ. ಡಬ್ಬದ ಪ್ಲಗ್ಗು ಮೂರು ಪಿನ್ನಿನದೇ, ಅರ್ಥಿಂಗ್ ಇರುವ ಸಾಕೆಟ್ಟಿಗೇ ಹೋಗಿದೆಯಾ ನೋಡಿ. ಸ್ಪೀಕರಿನಲ್ಲಿ "ಗುಂಯ್" ಅಂತ ಸದ್ದಿದ್ದರೆ ಅರ್ಧ ಸಲ ಕಾರಣ ಅದು. ಕಂಪ್ಯೂಟರಿನಲ್ಲಿ ಎಷ್ಟು ವಾಲ್ಯೂಮ್ ಇಳಿಸಿದರೂ ಅದು ಹೋಗುವುದಿಲ್ಲ.

ಚಿಂತಾಮಣಿ_ಮೇಷ್ಟ್ರು · ಭಾನುವಾರ, ಸಂಜೆ 5:30

ಬಯೋಸ್‌ನಲ್ಲಿ ಆ ಸೆಟ್ಟಿಂಗ್ ಇರಲಿಲ್ಲ. ವೈರ್ ಕಿತ್ತು ಡಬ್ಬ ಬಿಚ್ಚಿದೆ. ಒಂದು ಬೊಗಸೆ ಧೂಳು ಬಂತು. ಹಳೇಬೇರು ಸರ್ ಹೇಳಿದ ಹಾಗೇ ಕೇಬಲ್ ತುದಿಗೆ ಎರಡು ಪ್ಲಗ್. ಎಸಿ97 ಮದರ್‌ಬೋರ್ಡಿನಲ್ಲಿ ಕೂತಿತ್ತು, ಎಚ್‌ಡಿ ಆಡಿಯೋ ಪ್ಲಗ್ ಪಕ್ಕದಲ್ಲಿ ಗಾಳಿಯಲ್ಲಿ ನೇತಾಡುತ್ತಿತ್ತು. ಅದಲು ಬದಲು ಮಾಡಿ ಮುಚ್ಚಿದೆ.

ಆನ್ ಮಾಡಿ ಹೆಡ್‌ಫೋನ್ ಪಿನ್ ಚುಚ್ಚಿದ ಕೂಡಲೇ ಸ್ಪೀಕರ್ ನಿಂತಿತು. ಕಿತ್ತರೆ ಸ್ಪೀಕರ್ ಮಾತಾಡಿತು. ಹತ್ತು ಸಲ ಚುಚ್ಚಿ ಕಿತ್ತು ಆಟ ಆಡಿದೆ. "ಅನ್‌ಪ್ಲಗ್ಡ್" ಅನ್ನುವ ಪದ ಬಂದು ಹೋಗುವುದನ್ನು ನೋಡಲಿಕ್ಕೇ ಒಂಥರಾ ಖುಷಿ.

ಗರಿಷ್ಠ 100, ಆರಂಭಕ್ಕೆ 40, ಎರಡನ್ನೂ ನಾಲ್ಕು ಮಷಿನ್‌ನಲ್ಲೂ ಹಾಕಿದ್ದೇನೆ. ಫೈಲುಗಳನ್ನು ಮೈನಸ್ 10 ಮಾಡುವ ಕೆಲಸವನ್ನು ಆ ಕಿಲಾಡಿಗೇ ಒಪ್ಪಿಸಿದ್ದೇನೆ, ಯಾಕೆ ಮಾಡಿಸುತ್ತಿದ್ದೇನೆ ಅಂತ ಹೇಳಿಲ್ಲ. ಮೊಳ ದೂರ ನಿಲ್ಲುವ ಪರೀಕ್ಷೆ ನಾಳೆ ಸಂಜೆ.

ಗುಬ್ಬಿಮರಿ · ಭಾನುವಾರ, ಸಂಜೆ 5:44

ಸರ್, ನಮ್ಮ ಮನೆಯ ಮಷಿನ್‌ದೂ ಮುಂದಿನ ತೂತು ಹೀಗೇ ಸತ್ತಿದೆ. ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ.

ಟರ್ಮಿನಲ್_ತುಮಕೂರು · ಭಾನುವಾರ, ಸಂಜೆ 5:46

ಮೊದಲು ಕರೆಂಟು ವೈರ್ ಕಿತ್ತಿಡು ಮಾರಾಯ.